ಆಕಾಶದಿಂದ ಬಂದ ನಾಲ್ಕನೇ ಇಲಿ

ನಾಲ್ಕನೇ ಇಲಿ ನೆಟ್ಟಗೆ ಈಜಿತು.

ತೊಟ್ಟಿಯ ಈ ದಂಡೆಯಿಂದ ಆ ದಂಡೆಗೆ, ಮೂಗನ್ನು ನೀರಿನ ಮೇಲಿಟ್ಟು, ಬಾಲವನ್ನು ದಾರದ ಹಾಗೆ ಹಿಂದೆ ಎಳೆದುಕೊಂಡು, ಅತ್ತಿತ್ತ ಹೊರಳದೆ ಹೋಗಿ ತಂತಿಯ ಏಣಿ ಹಿಡಿಯಿತು. ಮರೆವ್ವ ಅದನ್ನು ಅಂಗೈ ಮೇಲೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಎಪ್ಪತ್ತೊಂದು ವರ್ಷದ ಆ ಅಂಗೈಯಲ್ಲಿ ಬಿಳಿ ಇಲಿ ಒಂದು ಹಿಡಿ ಹತ್ತಿಯಷ್ಟೇ ಹಗುರವಾಗಿತ್ತು.

"ಈಗ ಐದನೇದು ಬಿಡವ್ವ," ಎಂದಳು ಮೊಮ್ಮಗಳಿಗೆ.

ಶಿವಾನಿ ಐದನೆಯದನ್ನು ಬಿಟ್ಟಳು. ನೀರಿಗೆ ಬಿದ್ದದ್ದೇ ತಡ, ಮೇಲು ಯಾವುದು ಕೆಳಗು ಯಾವುದು ತಿಳಿಯದೆ ಅದು ತಳಕ್ಕೆ ಮುಖ ಮಾಡಿ ಇಳಿಯತೊಡಗಿತು. ಮಗುಚಿತು, ಎದ್ದಿತು, ಬಲಕ್ಕೆ ಒಂದು ಸುತ್ತು, ಮತ್ತೊಂದು ಸುತ್ತು. ಶಿವಾನಿ ಕೈ ಹಾಕಿ ಎತ್ತದಿದ್ದರೆ ಅದು ತೊಟ್ಟಿಯ ತಳದಲ್ಲೇ ಗಾಳಿ ಹುಡುಕುತ್ತಿತ್ತು.

ಮೂವತ್ತು ದಿನ ನೌಕೆಯಲ್ಲಿ ಭೂಮಿಯನ್ನು ಸುತ್ತಿ ಸೋಮವಾರ ಇಳಿದು, ಬುಧವಾರ ಸಂಜೆ ಪುಣೆಯಿಂದ ವ್ಯಾನಿನಲ್ಲಿ ಮಸೂತಿಯ ಈ ಸಂಶೋಧನಾ ಕೇಂದ್ರಕ್ಕೆ ಬಂದ ಆರು ಇಲಿಗಳಲ್ಲಿ ಒಂದನ್ನು ಯಾರೋ ಬದಲಿಸಿದ್ದರು. ಇಲಿಗಳನ್ನು ನೋಡಿಕೊಳ್ಳುವ ಕೆಲಸದ ಶಿವಾನಿಯ ಕೈಯಲ್ಲೇ ಇಲಿಮನೆಯ ಕೀಲಿ ಇದ್ದುದರಿಂದ ಕಳವು ಅವಳ ತಲೆಗೆ ಬಂದಿತ್ತು.

ಇವತ್ತು ಶುಕ್ರವಾರ. ನಾಲ್ಕು ಗಂಟೆಗೆ ಬಾಗೇವಾಡಿಯಿಂದ ಪೊಲೀಸ್ ಜೀಪು ಬರುವುದಿತ್ತು.

ಮರೆವ್ವ ಓದಿದ್ದು ಎರಡನೇ ಇಯತ್ತೆ. ಮುದ್ದೇಬಿಹಾಳದ ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಎತ್ತು, ಎಮ್ಮೆ, ಆಡು ಹಿಡಿದು ನಿಲ್ಲಿಸುವ ಕೆಲಸ ಮಾಡಿದವಳು. ಒಮ್ಮೆ ಕಂಡ ಪ್ರಾಣಿಯ ನಡಿಗೆಯನ್ನು ಅವಳು ಮರೆಯುವುದಿಲ್ಲ. ಸಿಂದಗಿ ಸಂತೆಯಲ್ಲಿ ಮುನ್ನೂರು ಆಡುಗಳ ನಡುವೆ ಕದ್ದ ಎಂಟನ್ನು ಬರೀ ನಡಿಗೆ ನೋಡಿ ಹೆಕ್ಕಿದಂದಿನಿಂದ ಸುತ್ತಲಿನ ನಾಲ್ಕು ತಾಲೂಕಿನ ಮಂದಿ ಇಂಥ ಕೆಲಸಕ್ಕೆ ಅವಳನ್ನೇ ಕರೆಯುತ್ತಿದ್ದರು. ಈ ಸಲ ಯಾರೂ ಕರೆದಿರಲಿಲ್ಲ. ಬುತ್ತಿ ಗಂಟು ಕಂಕುಳಲ್ಲಿಟ್ಟುಕೊಂಡು ತಾನೇ ಬಸ್ಸು ಹತ್ತಿ ಬಂದಿದ್ದಳು.

ತೊಟ್ಟಿಯ ಆಚೆ ಡಾಕ್ಟರ್ ಧೀರೇಂದ್ರ ನಿಂತಿದ್ದರು. ಅರವತ್ತಾರರ ಬಡಕಲು ಮನುಷ್ಯ. ನಲವತ್ತು ವರ್ಷ ದೊಡ್ಡ ದೊಡ್ಡ ಊರುಗಳಲ್ಲಿ ಕಿವಿಯ ಡಾಕ್ಟರಾಗಿದ್ದು, ಕಡೆಗೆ ಮಸೂತಿಯ ಮುಚ್ಚಿದ ಹತ್ತಿ ಗಿರಣಿಯನ್ನು ಕೊಂಡು ಈ ಕೇಂದ್ರ ಮಾಡಿದವರು. ಅವರ ಮಗ್ಗುಲಲ್ಲಿ ಕೈಕಟ್ಟಿ ನಿಂತವಳು ರಂಜನಾ, ತನ್ನೂರು ಸಿಂದಗಿ ಎಂದಿದ್ದಳು, ಡಾಕ್ಟರ ನಂತರ ಇಲ್ಲಿ ಅವಳದೇ ಮಾತು. ಪುಣೆಯಿಂದ ಇಲಿಗಳನ್ನು ತಂದವಳೂ ಅವಳೇ, ಪೊಲೀಸರಿಗೆ ಫಿರ್ಯಾದಿ ಬರೆದುಕೊಟ್ಟವಳೂ ಅವಳೇ.

ಡಾಕ್ಟರು ಮರೆವ್ವನಿಗೆ ಬೆಳಗಿನಿಂದ ತಾಳ್ಮೆಯಿಂದ ತಿಳಿಸಿ ಹೇಳಿದ್ದರು. ಕಿವಿಯ ಪರದೆಗಿಂತ ಒಳಗೆ, ಇನ್ನೂ ಒಳಗೆ, ರವೆಯ ಕಾಳಿಗಿಂತ ಸಣ್ಣ ಹರಳುಗಳು ಮೆತ್ತನೆಯ ಹಾಸಿಗೆಯ ಮೇಲೆ ಕೂತಿರುತ್ತವಂತೆ. ನಾವು ವಾಲಿದ ಕಡೆ ಅವೂ ಜಗ್ಗಿ, ನೆಲ ಯಾವ ಕಡೆಗಿದೆ ಎಂದು ತಲೆಗೆ ತಿಳಿಸುತ್ತವಂತೆ. ಆಕಾಶದಲ್ಲಿ ಯಾವುದಕ್ಕೂ ತೂಕವಿಲ್ಲವಾಗಿ ಹರಳು ಸುಮ್ಮನಾಗುತ್ತವೆ. ಒಳಗಿವಿ ಮಾತ್ರ ಕೇಳುವುದನ್ನು ಬಿಡದೆ, ಇನ್ನಷ್ಟು ಲಕ್ಷ್ಯಗೊಟ್ಟು ಕಾಯುತ್ತದೆ. ಕೆಳಗಿಳಿದ ದಿನ ಅದೇ ಹರಳು ಒಮ್ಮೆಲೇ ಕೂಗಿದಂತಾಗಿ ಪ್ರಾಣಿಗೆ ದಿಕ್ಕು ತಪ್ಪುತ್ತದೆ.

ಇಳಿದ ಜಾಗದಲ್ಲೇ ಆರಕ್ಕೂ ಮೊದಲ ಪರೀಕ್ಷೆಯಾಗಿತ್ತು. ನಾಲ್ಕನೆಯದರ ಮುಂದೆ ಬರೆದಿದ್ದರು: ಎಡಕ್ಕೆ ಸುತ್ತುತ್ತದೆ, ಎಲ್ಲಕ್ಕಿಂತ ಹೆಚ್ಚು. ಅದೇ ನಾಲ್ಕನೆಯದು ಗುರುವಾರ ಬೆಳಿಗ್ಗೆ ಇಲ್ಲಿಯ ತೊಟ್ಟಿಯಲ್ಲಿ ಗೆರೆ ಕೊರೆದ ಹಾಗೆ ನೆಟ್ಟಗೆ ಹೋಗಿತ್ತು.

"ಎಂಟು ದಿವಸ, ಮರೆವ್ವ," ಎಂದರು ಡಾಕ್ಟರು. "ಎಂಟು ದಿವಸಕ್ಕ ಒಳಗಿವಿ ಮತ್ತ ನೆಲಕ್ಕ ಒಗ್ಗತದ. ಆಮ್ಯಾಲೆ ಖರೇ ನಾಲ್ಕನೇದು ಸಿಕ್ಕರೂ ಅದ ಇದು ಅಂತ ಸಿದ್ಧ ಮಾಡಲಿಕ್ಕೆ ಆಗೂದಿಲ್ಲ."

ಐದು ದಿನ ಆಗಿಹೋಗಿತ್ತು.

ಮರೆವ್ವ ತೊಟ್ಟಿಯ ನೀರು ನೋಡುತ್ತ, "ನಮ್ಮ ಆಡೂ ಹಿಂಗ ಮಾಡತಿದ್ವರಿ," ಎಂದಳು.

ನೀರು ಅವಳನ್ನು ಹಿಂದಕ್ಕೆ ಕರೆದೊಯ್ದಿತ್ತು. ಹೊಳೆದಂಡೆಯ ಆ ಊರು ಈಗ ಹಿನ್ನೀರಿನ ಕೆಳಗೆ ಮಲಗಿದೆ. ಹನ್ನೊಂದು ವರ್ಷದ ಮರೆವ್ವ ದಿನಾ ಬೆಳಿಗ್ಗೆ ಹದಿನಾಲ್ಕು ಆಡುಗಳನ್ನು ಹರಗೋಲಿನಲ್ಲಿ ಹತ್ತಿಸಿಕೊಂಡು ನಡುಗಡ್ಡೆಗೆ ಮೇಯಿಸಲು ಹೋಗುತ್ತಿದ್ದಳು. ಚರ್ಮ ಹೊದಿಸಿದ ಗುಂಡನೆಯ ಹರಗೋಲು ನೆಟ್ಟಗೆ ಹೋಗಿದ್ದೇ ಇಲ್ಲ. ಸುತ್ತುತ್ತ ಸುತ್ತುತ್ತಲೇ ಹೊಳೆ ದಾಟುತ್ತಿತ್ತು. ದಂಡೆಗೆ ಇಳಿದ ಆಡು ಎರಡು ಹೆಜ್ಜೆ ಇಟ್ಟು, ಒಂದೇ ಮಗ್ಗುಲಿಗೆ ವಾಲಿ, ನೆಲವೇ ಓಡುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ನಿಲ್ಲುತ್ತಿತ್ತು. ಮರಿಗಳಂತೂ ಬಿದ್ದೇ ಬಿಡುತ್ತಿದ್ದವು. ಯಾವ ಆಡು ಹೊಳೆ ದಾಟಿ ಬಂದದ್ದು, ಯಾವುದು ದಾಟದ್ದು ಎಂಬುದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ಇಷ್ಟನ್ನು ಅವಳು ಡಾಕ್ಟರಿಗೆ ಹೇಳಿದಳು. ಅವರು ಚಸ್ಮಾ ತೆಗೆದು ಒರೆಸಿಕೊಂಡರು. ತಾವು ಇಂಡಿಯವರು, ಲಿಂಬೆ ತೋಟದಲ್ಲಿ ಬೆಳೆದವರು, ಹೊಳೆ ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ, ಹರಗೋಲಿನಲ್ಲಿ ಕಾಲಿಟ್ಟವರೇ ಅಲ್ಲ ಎಂದರು.

ಹೇಳದೆ ಉಳಿದದ್ದು ಬಹಳವಿತ್ತು. ಹರಗೋಲು ಮಗುಚಿದರೆ ಕಟ್ಟಿದ ಆಡು ಮುಳುಗಬಾರದೆಂದು ಅವರೂರಿನವರು ಒಂದು ಬೇರೆಯೇ ಗಂಟು ಹಾಕುತ್ತಿದ್ದರು. ಗಿಡ್ಡ ತುದಿಯನ್ನು ಗಂಟಿನ ಹೊಟ್ಟೆಯೊಳಗೆ ಅಡಗಿಸಿಡುವುದು. ಕಂಡ ತುದಿ ಎಳೆದರೆ ಬಿಗಿಯುತ್ತದೆ. ಅಡಗಿದ್ದನ್ನು ಬೆರಳಿನಿಂದ ಹೊರಗೆಳೆದರೆ ಒಂದೇ ಜಗ್ಗಿಗೆ ಇಡೀ ಗಂಟು ನೀರಾಗುತ್ತದೆ. ಆಡಿನ ಗಂಟು ಎನ್ನುತ್ತಿದ್ದರು. ಆಡಿನ ಜೊತೆ ಕದ್ದು ಹರಗೋಲು ಹತ್ತುತ್ತಿದ್ದ ಊರಿನ ಮಕ್ಕಳಿಗೆಲ್ಲ ಅದನ್ನು ಕಲಿಸಿದವಳು ಮರೆವ್ವನೇ. ದಂಡೆಗೆ ಇಳಿದ ಮೇಲೆ ಆ ಮಕ್ಕಳೂ ವಾಲುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಸಣ್ಣವನು, ದೊಡ್ಡ ವಾಡೆಯವರ ಮಗು, ಉಸುಕಿನ ಮೇಲೆ ಬೋರಲು ಬಿದ್ದು ನೆಲ ಹೋಗಾಕತ್ತೈತಿ ಎಂದು ಅಳುತ್ತಿತ್ತು. ಮರೆವ್ವ ಅದರ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು, ನೆಲ ನಿಲ್ಲುವ ತನಕ ಕೂತಿರುತ್ತಿದ್ದಳು. ಆ ಮಕ್ಕಳ ಬಾಯಲ್ಲಿ ಅವಳ ಹೆಸರು ಆಡಿನಕ್ಕ. ಆಮೇಲೆ ಒಬ್ಬೊಬ್ಬರೇ ಊರು ಬಿಟ್ಟರು, ನೀರು ಬಂತು, ಆ ಹೆಸರಿನಿಂದ ಕರೆಯುವವರು ಯಾರೂ ಉಳಿಯಲಿಲ್ಲ.

"ಇದರ ಕಿವಿ ನೋಡಲೇನ್ರಿ?" ಎಂದು ಕೇಳಿ, ಮರೆವ್ವ ನಾಲ್ಕನೆಯದನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಆಡಿಗೆ ಮನೆತನದ ಗುರುತು ಹಾಕುವ ಹಾಗೆಯೇ ಇಲ್ಲಿ ಇಲಿಗಳಿಗೆ ಕಿವಿ ಕಚ್ಚು ಹಾಕಿ ನಂಬರು ಕೊಟ್ಟಿದ್ದರು. ನಾಲ್ಕನೆಯದಕ್ಕೆ ಬಲಗಿವಿಯ ಮೇಲ್ದಂಡೆಗೆ ಎರಡು ಕಚ್ಚು. ಉಳಿದ ಐದರ ಕಚ್ಚುಗಳು ಹಳೆಯವು, ಅಂಚು ಒಣಗಿ ಉಗುರಿನ ಬಣ್ಣಕ್ಕೆ ಬಂದಿದ್ದವು. ಇದರದು ಹೊಸದು. ಕೊಯ್ದ ಅಂಚಿಗೆ ಕೂದಲೆಳೆಯಷ್ಟು ಕಪ್ಪು.

ಮರೆವ್ವ ಮೂಗಿನ ಹತ್ತಿರ ಹಿಡಿದಳು. ಔಡಲ ಎಣ್ಣೆ.

ದೀಪದ ಮೇಲೆ ಹಿತ್ತಾಳೆ ತಾಟು ಬೋರಲು ಹಿಡಿದು, ಅದಕ್ಕೆ ಕೂತ ಮಸಿಯನ್ನು ಔಡಲ ಎಣ್ಣೆಯಲ್ಲಿ ಕಲಸಿ, ಆಡಿನ ಕಿವಿ ಕೊಯ್ದ ಗಾಯಕ್ಕೆ ನೊಣ ಕೂರದಂತೆ ಹಚ್ಚುವುದು ಅವಳ ತವರಿನ ರೂಢಿ. ಈ ಕೇಂದ್ರದಲ್ಲಿ ಗಾಯಕ್ಕೆ ಹಚ್ಚುವುದು ಸ್ಪಿರಿಟ್ಟು. ಮಸಿ ಹಚ್ಚುವ ಕೈ ಇಲ್ಲಿ ಒಂದೇ ಇತ್ತು, ಅದಕ್ಕೆ ಕಲಿಸಿದವಳು ತಾನೇ.

ರಂಜನಾ ಗಡಿಯಾರ ನೋಡಿಕೊಂಡು, ಏನಾದರೂ ಕಂಡಿತೇ ಎಂದು ಕೇಳಿದಳು. ವಯಸ್ಸಾಗಿದೆ, ಕಣ್ಣು ಮಂಜು, ಸ್ವಲ್ಪ ನೀರು ಕುಡಿದು ಬರುತ್ತೇನೆ ಎಂದು ಮರೆವ್ವ ಶಿವಾನಿಯ ರಟ್ಟೆ ಹಿಡಿದು ಹೊರಗೆ ನಡೆದಳು.

ಕಾಳಿನ ಚೀಲ ಇಡುವ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ, ಮರೆವ್ವ ಮೊಮ್ಮಗಳನ್ನು ಬೆಳಕಿಗೆ ನಿಲ್ಲಿಸಿದಳು. ಶಿವಾನಿ ಡಿಪ್ಲೊಮಾ ಓದಿದವಳು, ಮನೆತನದಲ್ಲೇ ಮೊದಲು ಸಂಬಳದ ಹಾಳೆಯಲ್ಲಿ ಸಹಿ ಮಾಡಿದ ಹೆಣ್ಣುಮಗಳು. ಪ್ರಾಣಿ ಕದ್ದವಳೆಂದು ಒಮ್ಮೆ ಠಾಣೆಯಲ್ಲಿ ಹೆಸರು ಬಿದ್ದರೆ ಇನ್ನು ಯಾವ ದವಾಖಾನೆಯವರೂ ಅವಳ ಕೈಗೆ ಒಂದು ಕೋಳಿಮರಿಯನ್ನೂ ಕೊಡುವುದಿಲ್ಲ.

"ಮಸಿ ನೀ ಹಚ್ಚಿದೇನು?"

ಶಿವಾನಿ ಚೀಲದ ಮೇಲಿನ ಹೊಲಿಗೆ ನೋಡುತ್ತ ನಿಂತಳು. "ಹೂಂ," ಎಂದಳು.

"ಕಿವಿ?"

"ಕಿವಿ ನಾ ಕೊಯ್ದಿಲ್ಲ ಆಯಿ."

"ನನ್ನ ಮುಖಾ ನೋಡಿ ಹೇಳು."

"ಕೊಯ್ದಿಲ್ಲ."

ಆಮೇಲೆ ಒಂದೊಂದೇ ಮಾತು ಹೊರಬಂತು. ಬುಧವಾರ ಸಂಜೆ ಏಳಕ್ಕೆ ವ್ಯಾನಿನಿಂದ ಪಂಜರಗಳನ್ನು ಇಳಿಸಿಕೊಂಡಾಗಲೇ ನಾಲ್ಕನೆಯದರ ಕಿವಿಗೆ ಗಾಯವಿತ್ತು. ದಾರಿಯಲ್ಲಿ ಪಂಜರದ ತಂತಿಗೆ ಸಿಕ್ಕು ಹರಿದಿರಬೇಕೆಂದು ಅವಳು ತಿಳಿದಳು. ರಂಜನಾ ಮೇಡಂ ತಲೆಶೂಲೆ ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಅವರು ಬರೆದುಕೊಡದೆ ಇಲಿಗಳ ಮೈಗೆ ಹೊರಗಿನ ಒಂದು ಹನಿಯೂ ತಾಗಬಾರದೆಂಬುದು ಇಲ್ಲಿಯ ಕಟ್ಟಳೆ. ಆದರೂ ಅವಳ ಚೀಲದಲ್ಲಿ ಆಯಿ ಕೊಟ್ಟ ಮಸಿಯ ಡಬ್ಬಿ ಇತ್ತು, ಗಾಯದ ಮೇಲೆ ಒಂದು ನೊಣ ಕೂತಿತ್ತು.

"ನೀ ಕಲಿಸಿದ್ದು ಕೈಗೆ ಬಂತು ಆಯಿ. ವಿಚಾರ ಮಾಡೂದರಾಗ ಹಚ್ಚಿ ಆಗಿತ್ತು."

"ಮುಂಜಾನೆ ಯಾಕ ಹೇಳಲಿಲ್ಲ?"

"ಮಸಿ ಹಚ್ಚೇನಿ ಅಂದ್ರ ಕಟ್ಟಳಿ ಮುರಿದಿ ಅಂತ ನೌಕರಿ ಹೋಗತಿತ್ತು. ಇಲಿ ಬದಲಾಗೈತಿ ಅನ್ನೂದು ಆಮ್ಯಾಲೆ ಗೊತ್ತಾತು. ಅಷ್ಟೊತ್ತಿಗೆ ಸುಮ್ಮನಿದ್ದು ಬಿಟ್ಟಿದ್ದೆ."

"ನೌಕರಿ ಉಳಿಸಿಕೊಳ್ಳಾಕ ಹೋಗಿ ಕಳ್ಳಿ ಆದಿ," ಎಂದಳು ಮರೆವ್ವ. ದನಿ ಏರಿಸಲಿಲ್ಲ. ಕೇಳಲೇಬೇಕಾದ ಇನ್ನೊಂದು ಮಾತು ಉಳಿದಿತ್ತು. ಭಾನುವಾರ ಆ ಆರೂ ಇಲಿಗಳನ್ನು ಕೊಂದು ಒಳಗಿವಿ ತೆಗೆದು ನೋಡುವುದಿತ್ತು. ಅದನ್ನು ತಿಳಿದ ಯಾರಿಗಾದರೂ ಒಂದನ್ನಾದರೂ ಉಳಿಸಬೇಕು ಎನಿಸಿದರೆ ಅದು ಶಿವಾನಿಗೇ. "ಕರುಳು ಚುರಕ್ ಅಂದು ನೀನ ಒಂದನ್ನ ಉಳಸಾಕ ಹೋಗಿಲ್ಲಲ್ಲ?"

ಶಿವಾನಿಯ ಕಣ್ಣು ತುಂಬಿತು. "ಉಳಸಬೇಕು ಅನಸೇತಿ ಆಯಿ, ಸುಳ್ಳ ಯಾಕ ಹೇಳಲಿ. ಆದ್ರ ಇನ್ನೊಂದು ಬಿಳಿ ಇಲಿ ನನಗೆಲ್ಲಿಂದ ಬರಬೇಕು? ಹೋಲಿಸಿ ನೋಡಾಕ ಇಟ್ಟ, ಆಕಾಶಕ್ಕ ಹೋಗದ ಆರು ಇಲಿ ಇಲ್ಲೇ ಅದಾವ. ಆರಕ್ಕ ಆರೂ ಪಂಜರದಾಗ ಅದಾವ."

ಮರೆವ್ವ ಸೆರಗಿನಿಂದ ಹುಡುಗಿಯ ಮುಖ ಒರೆಸಿದಳು. ಸುಳ್ಳು ಹೇಳುವಾಗ ಈ ಹುಡುಗಿ ಎಡಗಾಲ ಮೇಲೆ ಭಾರ ಹಾಕುವುದು ಎರಡು ವರ್ಷದವಳಿದ್ದಾಗಿನಿಂದ ಅವಳಿಗೆ ಗೊತ್ತು. ಶಿವಾನಿ ಎರಡೂ ಕಾಲ ಮೇಲೆ ನಿಂತಿದ್ದಳು.

ಒಳಗೆ ಬಂದು ಮರೆವ್ವ ಭೂತಗನ್ನಡಿ ಕೇಳಿದಳು. ಡಾಕ್ಟರು ಮೇಜಿನ ಮೇಲಿನ ದೊಡ್ಡದನ್ನೇ ಕೊಟ್ಟರು. ಮೊಮ್ಮಗಳು ಮಸಿ ಹಚ್ಚಿದ್ದನ್ನು ಮರೆವ್ವ ತಾನೇ ಮುಂದಾಗಿ ಹೇಳಿಬಿಟ್ಟಳು. ರಂಜನಾಳ ಹುಬ್ಬು ಮೇಲೇರಿತು. ಈಗಲಾದರೂ ಒಪ್ಪಿಕೊಂಡರಲ್ಲ ಎಂದಳು.

"ಹಚ್ಚಿದ್ದು ಒಪ್ಪತೇನಿ, ಕೊಯ್ದಿದ್ದು ಒಪ್ಪೂದಿಲ್ಲರಿ," ಎಂದು ಮರೆವ್ವ ಹತ್ತಿಯನ್ನು ನೀರಿನಲ್ಲಿ ಅದ್ದಿ, ಇಲಿಯ ಕಿವಿಯಂಚನ್ನು ಮೆಲ್ಲಗೆ ಒತ್ತಿದಳು. ಕಪ್ಪು ಹತ್ತಿಗೆ ಬಂತು. ಕೆಳಗೆ ಗಾಯ ಒಣಗಿ ಕಟ್ಟಿದ ಕಂದು ಬಣ್ಣದ ಹೆಕ್ಕಳೆ ಸ್ವಚ್ಛವಾಗಿ ಕಂಡಿತು. "ನೋಡ್ರಿ ಸಾಹೇಬ್ರ. ಹಸಿ ಗಾಯಕ್ಕ ಹಚ್ಚಿದ ಮಸಿ ಒಳಗ ಇಳಿತೈತಿ. ಹಚ್ಚೆ ಹೊಯ್ದಂಗ ಆಗಿ ಜಲ್ಮಪೂರ್ತಿ ಹೋಗೂದಿಲ್ಲ. ಇದು ಹೆಕ್ಕಳಿ ಕಟ್ಟಿದ ಮ್ಯಾಲೆ ಹಚ್ಚಿದ್ದು. ಕೊಯ್ದಿದ್ದಕ್ಕ ಹಚ್ಚಿದ್ದಕ್ಕ ಅರ್ಧಾ ದಿನಾರ ನಡು ಹೋಗೇತಿ."

ಮೂವತ್ತೊಂದು ವರ್ಷ ಸಾವಿರಾರು ಕಿವಿಗಳಿಗೆ ಬಿಲ್ಲೆ ಹೊಡೆಯುವಾಗ ಹಿಡಿದು ನಿಂತವಳ ಮಾತು ಅದು. ಡಾಕ್ಟರು ಬಗ್ಗಿ ಬಹಳ ಹೊತ್ತು ನೋಡಿದರು. ಹೌದು ಎಂದು ತಲೆಯಾಡಿಸಿದರು. ಬುಧವಾರ ಸಂಜೆ ಹಚ್ಚಿದ್ದಾದರೆ ಕೊಯ್ದದ್ದು ಬುಧವಾರ ಮಧ್ಯಾಹ್ನದ ಒಳಗೆ. ಆ ಹೊತ್ತಿಗೆ ಇಲಿಗಳು ಇಲ್ಲಿರಲಿಲ್ಲ. ದಾರಿಯ ಮೇಲೆ, ವ್ಯಾನಿನಲ್ಲಿದ್ದವು.

"ಅಂದ್ರ ನಾ ಕೊಯ್ದೆ ಅಂತ ಅನ್ಲಿಕ್ಕತ್ತೀರೇನು?" ರಂಜನಾಳ ದನಿ ತಣ್ಣಗಿತ್ತು.

"ನಾ ಹಂಗ ಅಂದಿಲ್ಲರಿ ಬಾಯಾರ. ವ್ಯಾನಿನಾಗ ಯಾರ್ಯಾರಿದ್ರಿ ಅಂತಷ್ಟ ಕೇಳತೇನಿ."

ಇದ್ದವರು ಇಬ್ಬರೇ. ರಂಜನಾ ಮತ್ತು ಡ್ರೈವರ್ ಕಾಸಿಂಸಾಬ. ಎಲ್ಲರೂ ಅಂಗಳದಲ್ಲಿ ನಿಂತ ವ್ಯಾನಿನ ಹತ್ತಿರ ಹೋದರು. ಕಾಸಿಂಸಾಬ ಹೊರ್ತಿಯವನು, ಐವತ್ತರ ಮೇಲಿನ ಮಾತುಗಾರ, ಬಾಯಲ್ಲಿ ಸದಾ ಅಡಿಕೆ ಚೂರು. ನಸುಕಿನಲ್ಲಿ ಪುಣೆ ಬಿಟ್ಟದ್ದು, ಇಲಿಗಳು ಅಲುಗದಂತೆ ದಾರಿಯುದ್ದ ಮೆಲ್ಲಗೆ ಓಡಿಸಿದ್ದು, ಸೊಲ್ಲಾಪುರದಲ್ಲೂ ನಿಲ್ಲಿಸದೆ ಹೊರ್ತಿಗೆ ಬಂದದ್ದು, ತನ್ನೂರ ಚಹಾ ಕುಡಿಯದೆ ಮುಂದೆ ಹೋಗಲು ಮನಸ್ಸಾಗದೆ ಅಲ್ಲಿ ಕಾಲು ತಾಸು ನಿಂತದ್ದು ಎಲ್ಲ ಹೇಳಿದ. ಮೇಡಂ ಮಾತ್ರ ವ್ಯಾನಿನಿಂದ ಇಳಿಯಲೇ ಇಲ್ಲ, ಅವರ ಚಹಾ ತಾನೇ ಒಳಗೆ ಕೊಟ್ಟು ಬಂದೆ ಎಂದ.

ಅದು ಸುಳ್ಳು ಎಂದಳು ರಂಜನಾ. ತಾನು ಮುಖ ತೊಳೆಯಲು ಇಳಿದಿದ್ದೆ. ಆ ಕಾಲು ತಾಸು ಪಂಜರದ ಜೊತೆ ಇದ್ದವನು ಕಾಸಿಂಸಾಬ ಒಬ್ಬನೇ.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮರೆವ್ವ ಇಬ್ಬರ ಕಾಲುಗಳನ್ನೂ ನೋಡಿದಳು. ಇಬ್ಬರ ಕಾಲೂ ಏನನ್ನೂ ಹೇಳಲಿಲ್ಲ.

ಇಷ್ಟಾದ ಮೇಲೆ ಜೀಪನ್ನು ತಡೆಯಬಾರದೇ ಎಂದು ಡಾಕ್ಟರು ಮೆತ್ತಗೆ ಕೇಳಿದರು. ಫಿರ್ಯಾದಿ ಕೊಟ್ಟಾಗಿದೆ, ಒಂದು ಹೆಕ್ಕಳೆ ನೋಡಿ ಪೊಲೀಸರು ತಿರುಗಿ ಹೋಗುವುದಿಲ್ಲ ಎಂದಳು ರಂಜನಾ. "ಖರೇ ನಾಲ್ಕನೇದು ಎಲ್ಲದ ಅಂತ ತೋರಸ್ರಿ. ಫಿರ್ಯಾದಿ ನಾನ ಹರೀತೀನಿ."

ಆಮೇಲೆ ಸ್ವಲ್ಪ ಹೊತ್ತು ಎಲ್ಲರೂ ಚದುರಿದರು. ರಂಜನಾ ಫೋನು ಹಿಡಿದು ಆಚೆ ಹೋದಳು. ಡಾಕ್ಟರು ಕೈ ತೊಳೆಯಲು ಹೋದರು. ಕಾಸಿಂಸಾಬ ವ್ಯಾನಿನ ಕೀಲಿ ಇಡಲು ಒಳಗೆ ಹೋದ. ಮರೆವ್ವ ವ್ಯಾನಿನೊಳಗೆ ಹತ್ತಿ ಮೂಲೆ ಮೂಲೆ ನೋಡಿದಳು. ಫಿನೈಲಿನಿಂದ ತೊಳೆದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಮೂರೂಮುಕ್ಕಾಲು. ಇನ್ನು ಉಳಿದ ಕೆಲಸ ಒಂದೇ ಎನಿಸಿತು ಅವಳಿಗೆ. ಹುಡುಗಿ ಮುಂಜಾನೆಯಿಂದ ಒಂದು ತುತ್ತು ತಿಂದಿರಲಿಲ್ಲ.

ಪಡಸಾಲೆಯ ಕಿಟಕಿಯಲ್ಲಿ ಇಟ್ಟಿದ್ದ ಬುತ್ತಿ ಗಂಟು ಅಲ್ಲೇ ಇತ್ತು. ಮರೆವ್ವ ಬೆಂಚಿನ ಮೇಲೆ ಕೂತು ಅದನ್ನು ಮಡಿಲಿಗೆ ಎಳೆದುಕೊಂಡು ಬಿಚ್ಚಿದಳು. ಬೆರಳು ಗಂಟಿನ ಹೊಟ್ಟೆಯೊಳಗೆ ಹೋಯಿತು, ಗಿಡ್ಡ ತುದಿ ಹುಡುಕಿತು, ಒಮ್ಮೆ ಜಗ್ಗಿತು. ಬಟ್ಟೆ ನಾಲ್ಕೂ ಕಡೆ ಬಿಚ್ಚಿಕೊಂಡಿತು.

ಬಿಚ್ಚಿದ ಮೇಲೆ ಅವಳ ಕೈ ನಿಂತಿತು.

ಬುತ್ತಿಗೆ ಅವಳು ಯಾವಾಗಲೂ ಹಾಕುವುದು ಎರಡು ಸಾದಾ ಗಂಟು. ಈಗ ಬಿಚ್ಚಿದ್ದು ಆಡಿನ ಗಂಟು. ಅರವತ್ತು ವರ್ಷದ ಹಿಂದಿನದು, ಹೊಳೆಯ ತಳದಲ್ಲಿ ಮುಳುಗಿದ ಊರಿನದು. ತಲೆಗೆ ತಿಳಿಯುವ ಮುಂಚೆ ಕೈಗೆ ಅದು ನೆನಪಿತ್ತು.

ಬಟ್ಟೆಯಲ್ಲಿ ರೊಟ್ಟಿ ಇದ್ದವು. ಶೇಂಗಾ ಹಿಂಡಿಯ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಮುಚ್ಚಳಕ್ಕೆ ತೂತು ಕೊರೆದ, ಒಳಗಿನದು ಕಾಣುವಂಥ ಸಣ್ಣ ಪ್ಲಾಸ್ಟಿಕ್ ಡಬ್ಬಿ ಇತ್ತು. ಒಳಗೆ ಒಂದು ಬಿಳಿ ಇಲಿ. ಬಲಗಿವಿಯ ಮೇಲ್ದಂಡೆಗೆ ಎರಡು ಕಚ್ಚು, ಹಳೆಯವು, ಉಗುರಿನ ಬಣ್ಣದವು. ಇಲಿ ಎಡಕ್ಕೆ ಸುತ್ತುತ್ತಿತ್ತು. ನಿಂತು, ಕಾಲು ಅಗಲಿಸಿ, ನೆಲವನ್ನು ನಂಬಲಾರದೆ, ಮತ್ತೆ ಎಡಕ್ಕೆ.

ಹೊಳೆ ದಾಟಿ ಬಂದ ಮರಿ.

ಮರೆವ್ವ ಬಟ್ಟೆಯನ್ನು ಮಡಿಚಿದಳು. ಇದನ್ನು ಈಗ ತೋರಿಸಿದರೆ ಕದ್ದ ಇಲಿ ಅಜ್ಜಿಯ ಬುತ್ತಿಯಲ್ಲೇ ಸಿಕ್ಕಿತು ಎಂದಾಗುತ್ತದೆ. ಮೊಮ್ಮಗಳ ಜೊತೆ ತಾನೂ ಜೀಪು ಹತ್ತಬೇಕು. ಮುಚ್ಚಿಟ್ಟರೆ ಇನ್ನು ಮೂರು ದಿನಕ್ಕೆ ಇದರ ಒಳಗಿವಿ ಆಕಾಶವನ್ನು ಮರೆತುಬಿಡುತ್ತದೆ. ಆಮೇಲೆ ಇದು ಬರೀ ಒಂದು ಬಿಳಿ ಇಲಿ.

ಇಟ್ಟವರು ಯಾರು? ಒಬ್ಬರು ಇಂಡಿಯವರು, ಒಬ್ಬಾಕೆ ಸಿಂದಗಿಯವಳು, ಒಬ್ಬ ಹೊರ್ತಿಯವನು. ಮೂವರೂ ಹೇಳಿಕೊಂಡದ್ದು ಹಾಗೆ. ಆಡಿನ ಗಂಟನ್ನು ಇಂಡಿ, ಸಿಂದಗಿ, ಹೊರ್ತಿಯಲ್ಲಿ ಯಾರೂ ಹಾಕುವುದಿಲ್ಲ.

ಅವಳು ಅದೇ ಗಂಟನ್ನು ಮತ್ತೆ ಹಾಕಿದಳು, ಗಿಡ್ಡ ತುದಿಯನ್ನು ಒಳಗೆ ಅಡಗಿಸಿದಳು. ಮೂವರೂ ಪಡಸಾಲೆಗೆ ಬರುವ ತನಕ ಕಾದು, ಬೆರಳು ಸೆಟೆದುಕೊಂಡಿವೆ, ಹುಡುಗಿಗೆ ಎರಡು ತುತ್ತು ತಿನ್ನಿಸಿ ಕಳಿಸುತ್ತೇನೆ, ಯಾರಾದರೂ ಇದನ್ನು ಬಿಚ್ಚಿಕೊಡಿ ಎಂದಳು.

ಕಾಸಿಂಸಾಬ ಮುಂದೆ ಬಂದ. ಕಂಡ ತುದಿ ಹಿಡಿದು ಎಳೆದ. ಗಂಟು ಬಿಗಿಯಿತು. ಇನ್ನೊಮ್ಮೆ ಎಳೆದ, ಹಲ್ಲು ಹಚ್ಚಿದ, ಅಡಿಕೆಯ ಕೆಂಪು ಬಟ್ಟೆಗೆ ತಾಗಿತು.

"ಏನವ್ವಾರ, ಇದು ರೊಟ್ಟಿ ಗಂಟೋ ಖಜಾನಿ ಬೀಗೋ? ಕಳ್ಳರ ಸಲುವಾಗಿ ಹಾಕೀರೇನು?"

"ನಾಯಿ ಸಲುವಾಗಿ ಹಾಕೇನಪ," ಎಂದಳು ಮರೆವ್ವ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದಳು. ಆ ಬೆರಳಿಗೆ ಏನೂ ಗೊತ್ತಿರಲಿಲ್ಲ.

ರಂಜನಾ ಗಂಟನ್ನು ಕೈಗೆ ತೆಗೆದುಕೊಂಡು ಒಮ್ಮೆ ತಿರುವಿ ನೋಡಿದಳು. ತುದಿ ಎಳೆಯುವ ಗೋಜಿಗೂ ಹೋಗಲಿಲ್ಲ. ಸೀದಾ ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡಳು. ಜೀಪು ಬರುವ ಹೊತ್ತಾಯಿತು, ಒಂದು ಅರಿವೆಯ ತುಂಡಿಗೆ ಇಷ್ಟು ಹೊತ್ತೇಕೆ ಎಂದಳು. ಕತ್ತರಿಯ ಬಾಯಿ ಬಟ್ಟೆಯ ಮೇಲೆ ಅಗಲವಾಯಿತು. ಮರೆವ್ವನ ಕೈ ಬೆಂಚಿನ ಅಂಚನ್ನು ಹಿಡಿಯಿತು.

"ಕತ್ರಿ ಬ್ಯಾಡ. ಕೊಡ್ರಿ ಇಲ್ಲೆ."

ಡಾಕ್ಟರ್ ಧೀರೇಂದ್ರ ಗಂಟನ್ನು ರಂಜನಾಳ ಕೈಯಿಂದ ತೆಗೆದುಕೊಂಡರು. ಅವರ ಬಲಗೈಯ ತೋರುಬೆರಳು ಎಲ್ಲಿಯೂ ತಡವರಿಸಲಿಲ್ಲ. ಗಂಟಿನ ಹೊಟ್ಟೆಯೊಳಗೆ ಹೋಯಿತು, ಗಿಡ್ಡ ತುದಿಯನ್ನು ಹಿಡಿಯಿತು, ಒಂದು ಜಗ್ಗು ಜಗ್ಗಿತು. ಗಂಟು ಅರ್ಧ ಸಡಿಲಾಯಿತು.

ಅಲ್ಲಿಗೆ ಅವರು ನಿಲ್ಲಿಸಿದರು. ತುದಿಯನ್ನು ಮೊದಲಿದ್ದ ಜಾಗಕ್ಕೆ ನೂಕಿ, ತಮ್ಮ ಕೈಯಿಂದಲೇ ಗಂಟನ್ನು ಬಿಗಿದರು.

"ನನಗೂ ಬರೂದಿಲ್ಲ ಬಿಡ್ರಿ," ಎಂದರು ಎಲ್ಲರಿಗೂ ಕೇಳುವಂತೆ.

ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಕಾಸಿಂಸಾಬ ಕಿಟಕಿಯಿಂದ ಇಣುಕಿದ, ರಂಜನಾ ಕತ್ತರಿ ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು. ಆ ಒಂದು ಕ್ಷಣದಲ್ಲಿ ಡಾಕ್ಟರು ಗಂಟನ್ನು ಮರೆವ್ವನ ಮಡಿಲಲ್ಲಿ ಇಡಲು ಬಗ್ಗಿದರು. ಬಗ್ಗಿದಾಗ ಅವರ ತೂಕ ಎಡಕ್ಕೆ ವಾಲಿತು, ಬೆಂಚು ಹಿಡಿದು ಸಾವರಿಸಿಕೊಂಡರು. ಹಾಗೆ ಉಸುಕಿನ ಮೇಲೆ ವಾಲುತ್ತಿದ್ದ ಒಂದು ಮಗು ಮರೆವ್ವನಿಗೆ ನೆನಪಿತ್ತು.

"ಇಲ್ಲೆ ಬಿಚ್ಚಬ್ಯಾಡ, ಆಡಿನಕ್ಕ," ಎಂದರು ತುಟಿಯಲ್ಲೇ. "ಇವರಿಬ್ಬರೊಳಗ ಒಬ್ಬರು ಅದನ್ನ ಉಳಿಸೂದಿಲ್ಲ."

ಅರವತ್ತು ವರ್ಷದ ಮೇಲೆ ಆ ಹೆಸರು. ಮರೆವ್ವನ ಅಂಗೈ ತಾನೇ ಮೇಲೆದ್ದು ಆ ನರೆತ ತಲೆಯ ಎರಡು ಕಿವಿಗಳ ಕಡೆ ಹೋಗಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಶಿವಾನಿ ಕಂಡಳು, ಅವಳ ಹಿಂದೆ ಖಾಕಿ ಬಟ್ಟೆಯ ಇಬ್ಬರು. ಹುಡುಗಿ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದಳು.

ಮರೆವ್ವ ಅಂಗೈ ಇಳಿಸಿದಳು. ಗಂಟನ್ನು ಎದೆಗವಚಿಕೊಂಡು ಎದ್ದು ನಿಂತಳು. ಡಾಕ್ಟರ ಕಣ್ಣನ್ನೇ ನೋಡುತ್ತ, ಯಾವ ಮುದುಕಿಯಾದರೂ ಹಟ ಹಿಡಿದಾಗ ಆಡುವಂಥ ದನಿಯಲ್ಲಿ ಹೇಳಿದಳು.

"ನನ್ನ ಮೊಮ್ಮಗಳು ಉಣ್ಣದ ಜೀಪ ಹತ್ತೂದಿಲ್ಲರಿ ಸಾಹೇಬ್ರ. ಹತ್ತಿಸಿದ್ರ ಈ ಗಂಟು ನಾನ ಬಿಚ್ಚತೇನಿ. ಇಲ್ಲೇ, ಎಲ್ಲಾರ ಮುಂದ."

ಅವಳ ಎದೆಯ ಹತ್ತಿರ, ರೊಟ್ಟಿಯ ಪಕ್ಕ, ಸಣ್ಣ ಉಗುರುಗಳ ಸದ್ದು ಎಡಕ್ಕೆ ಸುತ್ತುತ್ತಲೇ ಇತ್ತು.